ಅಂಕವಿಲ್ಲದ ಪ್ರಯೋಗಕ್ಕೊಂದು ಜಾಗ



ನಮ್ಮ ಕಾಲೇಜುಗಳಲ್ಲಿ ಪ್ರಯೋಗಾಲಯ ಇಲ್ಲವೆಂದಲ್ಲ. ವಾರವಾರ ಪ್ರಾಕ್ಟಿಕಲ್ಸ್ ನಡೆಯುತ್ತದೆ, ರೆಕಾರ್ಡಿಗೆ ಸಹಿ ಬೀಳುತ್ತದೆ, ವೈವಾ ಮುಗಿಯುತ್ತದೆ. ಹೀಗಿರುವಾಗ ಪ್ರಯೋಗಕ್ಕೆಂದೇ ವಿದ್ಯಾರ್ಥಿಗಳ ಕ್ಲಬ್ ಬೇರೆ ಯಾಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಸರಳ ಲೋಲಕವನ್ನೇ ನೋಡೋಣ. ಒಂದು ಮೀಟರ್ ದಾರ, ತುದಿಗೊಂದು ಗುಂಡು, ಆವರ್ತನ ಕಾಲ 2 ಸೆಕೆಂಡಿನ ಆಸುಪಾಸು. ವಿದ್ಯಾರ್ಥಿನಿಯೊಬ್ಬಳು ಶ್ರದ್ಧೆಯಿಂದ 20 ಆಂದೋಲನ ಎಣಿಸಿ ಲೆಕ್ಕ ಹಾಕುತ್ತಾಳೆ. ಗುರುತ್ವ ವೇಗೋತ್ಕರ್ಷ 9.7 ಬರುತ್ತದೆ. ಪುಸ್ತಕದಲ್ಲಿ 9.8 ಇದೆ. ಅವಳು ಪೆನ್ಸಿಲಿನಲ್ಲಿ ಬರೆದ ರೀಡಿಂಗುಗಳಲ್ಲಿ ಒಂದೆರಡನ್ನು ಅಳಿಸಿ, ಉತ್ತರವನ್ನು 9.8ಕ್ಕೆ ತಂದು, ಆಮೇಲೆ ಪೆನ್ನಿನಲ್ಲಿ ಬರೆಯುತ್ತಾಳೆ. ಇದು ನಮಗೆಲ್ಲ ಗೊತ್ತಿದೆ, ಸಹಿ ಹಾಕುವವರು ನಾವೇ ತಾನೇ! ಸ್ಟಾಪ್‌ವಾಚ್ ಒತ್ತುವಾಗ ಬೆರಳು 0.2 ಸೆಕೆಂಡ್ ಹೆಚ್ಚುಕಮ್ಮಿ ಮಾಡಿದರೆ ಆ 20 ಆಂದೋಲನಗಳ ಲೆಕ್ಕದಲ್ಲಿ ಉತ್ತರ ಶೇಕಡಾ 1ರಷ್ಟು ಆಚೀಚೆ ಹೋಗುತ್ತದೆ. ಅಂದರೆ 9.7 ಪ್ರಾಮಾಣಿಕ ಅಳತೆ. ಇನ್ನೊಂದು ಮಾತು, ಬೆಂಗಳೂರಿನಲ್ಲಿ ಅದರ ನಿಜವಾದ ಬೆಲೆ ಸುಮಾರು 9.78. ಅಳೆದಾಗ ಆ ಹುಡುಗಿ ಸರಿಯಿದ್ದಳು, ತಿದ್ದಿದಾಗ ತಪ್ಪಿದಳು. ಅಂಕ ಸಿಕ್ಕಿದ್ದು ತಿದ್ದಿದ್ದಕ್ಕೆ.

ಕ್ಲಬ್ ಬೇಕಾಗಿರುವುದು ಇದಕ್ಕೆ. ಅಲ್ಲಿ ಅಂಕ ಇರಬಾರದು, ಬರಬೇಕಾದ ಉತ್ತರ ಮೊದಲೇ ಗೋಡೆಯ ಮೇಲೆ ಬರೆದಿರಬಾರದು.

ಕರ್ನಾಟಕಕ್ಕೆ ವಿಜ್ಞಾನವನ್ನು ಕೇಳುವ ಒಳ್ಳೆಯ ಪರಂಪರೆ ಇದೆ. ಭೌತಶಾಸ್ತ್ರದ ಮೇಷ್ಟ್ರಾಗಿದ್ದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಅಲ್ಲಿನ ಉಪನ್ಯಾಸಗಳಿಂದ ವಿಜ್ಞಾನದ ರುಚಿ ಹತ್ತಿಸಿಕೊಂಡವರು ಬಹಳ ಮಂದಿ. ಕೈಯಿಂದ ಮಾಡುವ ಪರಂಪರೆ ಮಾತ್ರ ನಮ್ಮಲ್ಲಿ ಅಷ್ಟು ಬೆಳೆದಿಲ್ಲ ಎಂಬುದು ನನ್ನ ಅಭಿಪ್ರಾಯ. ವಿಜ್ಞಾನ ದಿನವನ್ನೇ ನೋಡಿ. 1928ರ ಫೆಬ್ರವರಿ 28ರ ರಾಮನ್ ಪರಿಣಾಮದ ಶೋಧಕ್ಕೆ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಮೊದಲು ಬಳಸಿದ್ದು ಬಿಸಿಲು, ಬಣ್ಣದ ಫಿಲ್ಟರುಗಳು ಮತ್ತು ತಮ್ಮದೇ ಕಣ್ಣು. ಆ ದಿನದ ನೆನಪಿಗೆ ನಾವು ಏರ್ಪಡಿಸುವುದು ಪ್ರಬಂಧ ಸ್ಪರ್ಧೆ, ಕ್ವಿಜ್, ರಂಗೋಲಿ. ಬಿಸಿಲಿಗೆ ಒಂದು ಫಿಲ್ಟರ್ ಹಿಡಿದು ನೋಡುವವರಿಲ್ಲ.

ಹಾಗಾದರೆ ಕ್ಲಬ್ಬಿನಲ್ಲಿ ಏನು ಮಾಡಬೇಕು? ಒಂದು ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಮಾಡಲು ಎರಡು ಕಾಲೇಜು ಬೇಕು, ಬೇರೆ ಬೇರೆ ಜಿಲ್ಲೆಗಳ ಕಾಲೇಜುಗಳ ಅಧ್ಯಾಪಕರೆಲ್ಲ ಇಂದು ಒಂದೇ ಸೂರಿನಡಿ ಇದ್ದೀರಿ. ಬೆಂಗಳೂರು ಸುಮಾರು 12.97 ಡಿಗ್ರಿ ಅಕ್ಷಾಂಶದಲ್ಲಿದೆ, ಕಲಬುರಗಿ 17.33ರಲ್ಲಿ. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಏಪ್ರಿಲ್ 24ರ ಹೊತ್ತಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಆ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಮಧ್ಯಾಹ್ನವೆಂದರೆ ಗಡಿಯಾರದ 12 ಗಂಟೆಯಲ್ಲ, ಸುಮಾರು 12 ಗಂಟೆ 18 ನಿಮಿಷ. ಯಾಕೆ ಎಂದು ಮಕ್ಕಳೇ ಹುಡುಕಲಿ, ನೀವು ಹೇಳಿಬಿಡಬೇಡಿ. ಅದೇ ದಿನ ಕಲಬುರಗಿಯಲ್ಲಿ ಒಂದು ಮೀಟರ್ ಕೋಲಿನ ಅತಿ ಗಿಡ್ಡ ನೆರಳು ಏಳೂವರೆ ಸೆಂಟಿಮೀಟರಿನಷ್ಟು ಉತ್ತರಕ್ಕೆ ಬೀಳುತ್ತದೆ. ಅದರಿಂದ ಕೋನ, ನಕ್ಷೆಯಿಂದ ಉತ್ತರ-ದಕ್ಷಿಣದ ದೂರ ಸುಮಾರು 480 ಕಿಲೋಮೀಟರ್, ಇವೆರಡರಿಂದ ಭೂಮಿಯ ಸುತ್ತಳತೆ. ಎರಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ ಲೆಕ್ಕವೇ ಇದು.

ಆದರೆ ಸ್ವಾರಸ್ಯ ಇರುವುದು ಸುತ್ತಳತೆಯಲ್ಲಲ್ಲ. ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲ. ಹಾಗಾಗಿ ನೆರಳಿನ ತುದಿ ಸುಮಾರು 9 ಮಿಲಿಮೀಟರ್ ಅಗಲಕ್ಕೆ ಮಸುಕಾಗಿರುತ್ತದೆ. ಗುರುತು ಎಲ್ಲಿ ಹಾಕಬೇಕು? ಗಾಢ ನೆರಳು ಮುಗಿಯುವಲ್ಲೋ, ಮಸುಕು ಮುಗಿಯುವಲ್ಲೋ? ಇಬ್ಬರು ಹುಡುಗರು ಎರಡು ಕಡೆ ಗುರುತು ಹಾಕುತ್ತಾರೆ, ಜಗಳ ಹತ್ತುತ್ತದೆ. ಒಬ್ಬ ಉದ್ದದ ಕೋಲು ತರೋಣ ಅನ್ನುತ್ತಾನೆ. ತಂದರೆ ಮಸುಕೂ ಅಷ್ಟೇ ಹಿಗ್ಗುತ್ತದೆ! ಕೋಲು ನಿಜವಾಗಿ ನೆಟ್ಟಗಿದೆಯೇ ಎಂಬ ಅನುಮಾನ ಆಗ ಏಳುತ್ತದೆ, ಗಾರೆ ಕೆಲಸದವರ ತೂಗುಗುಂಡು ಬರುತ್ತದೆ. ಉತ್ತರ 38 ಸಾವಿರ ಕಿಲೋಮೀಟರ್ ಬಂದರೂ ಸರಿ, 42 ಸಾವಿರ ಬಂದರೂ ಸರಿ, ಆ ಜಗಳದಲ್ಲಿ ಭೌತಶಾಸ್ತ್ರ ನಡೆದಿರುತ್ತದೆ.

ಒಳಗೆ ಮಾಡುವಂಥವೂ ಬೇಕಾದಷ್ಟಿವೆ. ಲೇಸರ್ ಪಾಯಿಂಟರಿಗೆ ತಲೆಗೂದಲು ಅಡ್ಡ ಹಿಡಿದು, ಗೋಡೆಯ ಮೇಲೆ ಬೀಳುವ ಪಟ್ಟಿಗಳಿಂದ ಕೂದಲಿನ ದಪ್ಪ ಅಳೆಯಬಹುದು. ಲೇಸರ್ ಕಣ್ಣಿಗೆ ಬೀಳಬಾರದು, 230 ವೋಲ್ಟ್ ಮುಟ್ಟುವಂತಿಲ್ಲ, ಮೊದಲ ವರ್ಷ ಬ್ಯಾಟರಿ ಸಾಕು. ಈ ಎರಡು ವಿಷಯಗಳಲ್ಲಿ ಮಾತ್ರ ಅಧ್ಯಾಪಕರು ಗಟ್ಟಿಯಾಗಿ ನಿಲ್ಲಬೇಕು.

ಹಣ ದೊಡ್ಡ ಅಡ್ಡಿಯಲ್ಲ. ಅಡ್ಡಿ ಇರುವುದು ಬೀರುವಿನ ಬೀಗದಲ್ಲಿ. ಒಂದು ಲೆನ್ಸ್ ಒಡೆದರೆ ಸ್ಟಾಕ್ ರಿಜಿಸ್ಟರಿನಲ್ಲಿ ಯಾರು ಉತ್ತರ ಹೇಳಬೇಕೆಂಬ ಭಯಕ್ಕೆ ಎಷ್ಟೋ ಉಪಕರಣಗಳು ಕೂತಲ್ಲೇ ತುಕ್ಕು ಹಿಡಿದಿವೆ. ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟೆ: ಕ್ಲಬ್ಬಿಗೆಂದು ಪ್ರತ್ಯೇಕವಾಗಿ, ಒಡೆದರೂ ಕೇಳದ ಒಂದಿಷ್ಟು ಸಾಮಾನು ಇರಲಿ, ಅದರ ಬೀಗದ ಕೈ ವಿದ್ಯಾರ್ಥಿಗಳ ಹತ್ತಿರ ಇರಲಿ. ಸಂಜೆ ಬಸ್ಸು ಹಿಡಿಯಬೇಕಾದ ಹಳ್ಳಿಯ ಮಕ್ಕಳೂ ಸೇರುವಂತೆ ಕಾಲೇಜಿನ ವೇಳೆಯೊಳಗೇ ಸಮಯ ಕೊಡಿ. ಪ್ರಯೋಗಾಲಯದ ಅಟೆಂಡರನ್ನೂ ಕರೆಯಿರಿ. ಯಾವ ಮೀಟರು ಸುಳ್ಳು ಹೇಳುತ್ತದೆಂದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಉದ್ಘಾಟನೆ ಮಾತ್ರ ಬೇಡ. ದೀಪ, ಬ್ಯಾನರ್, ಶಾಲು, ಪದಾಧಿಕಾರಿಗಳ ಪಟ್ಟಿ ಎಲ್ಲ ಆದಮೇಲೆ ಎರಡನೆಯ ಸಭೆಯೇ ನಡೆಯದ ಕ್ಲಬ್ಬುಗಳು ನಮ್ಮಲ್ಲಿ ಸಾಕಷ್ಟಿವೆ.

ಅದರ ಬದಲು ನೇರವಾಗಿ ಪ್ರಯೋಗದಿಂದಲೇ ಶುರುಮಾಡಿ. ನೆರಳಿನ ಪ್ರಯೋಗಕ್ಕೆ ಶೂನ್ಯ ನೆರಳಿನ ದಿನವೇ ಆಗಬೇಕೆಂದಿಲ್ಲ. ಒಂದೇ ದಿನ ಎರಡೂ ಊರುಗಳಲ್ಲಿ ಬಿಸಿಲಿದ್ದರೆ, ಎರಡು ಕೋನಗಳ ವ್ಯತ್ಯಾಸವೇ ಸಾಕು. ಆದ್ದರಿಂದ ದಕ್ಷಿಣದ ಕಾಲೇಜಿನವರು ಇಂದು ಊಟಕ್ಕೆ ಏಳುವ ಮೊದಲು ಉತ್ತರದ ಒಂದು ಕಾಲೇಜಿನವರನ್ನು ಹುಡುಕಿ, ಫೋನ್ ನಂಬರ್ ತೆಗೆದುಕೊಂಡು, ದಿನ ಗೊತ್ತುಮಾಡಿಕೊಳ್ಳಿ.