ಸಾಂತೊರಿನಿಯಲ್ಲಿ ಒಂದು ಹಗಲು
(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಪ್ರವಾಸದ ಕಥೆ ಹೇಳುವವರು ಸಾಮಾನ್ಯವಾಗಿ ಎಂಟು ದೇಶಗಳನ್ನು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ನಮಗೆ ಕೊಟ್ಟಿರುವುದು ಇಪ್ಪತ್ತೇ ನಿಮಿಷ. ನಾವು ಹೇಳಬೇಕೆಂದಿರುವುದೂ ಒಂದೇ ದಿನದ, ಒಂದೇ ದ್ವೀಪದ ಸಂಗತಿ. ಅದು ಗ್ರೀಸ್ ದೇಶದ ಸಾಂತೊರಿನಿ. ಹಳೆಯ ಹೆಸರು ಥೇರಾ. 2025ರ ಸೆಪ್ಟೆಂಬರಿನಲ್ಲಿ ಅಥೆನ್ಸಿನ ಬಂದರಾದ ಪಿರೇಯಸ್ಸಿನಿಂದ ಹೊರಟ ವಿಹಾರದ ಹಡಗಿನಲ್ಲಿ ನಾವು ನಾಲ್ವರು, ಎಂದರೆ ಬ್ಯಾಂಕಿನ ಇಬ್ಬರು ಗುಮಾಸ್ತರೂ ಅವರ ಮನೆಯವರೂ, ಹೋಗಿದ್ದೆವು. ಗುಮಾಸ್ತರಿಗೆ ಇಂಥ ಪ್ರಯಾಣ ಹೇಗೆ ದಕ್ಕಿತೆಂದು ಯಾರಾದರೂ ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇವೆ: ಅದು ಆರು ವರ್ಷ ತಪ್ಪದೆ ಕಟ್ಟಿದ ರಿಕರಿಂಗ್ ಡಿಪಾಸಿಟ್ಟಿನ ಮಹಿಮೆ.

ಬೆಳಿಗ್ಗೆ ಏಳು ಗಂಟೆಗೆ ಹಡಗಿನ ಮೇಲಟ್ಟಕ್ಕೆ ಬಂದು ನೋಡಿದರೆ ಎದುರಿಗೆ ಊರಿಲ್ಲ, ಗೋಡೆ. ಕಪ್ಪು, ಕೆಂಪು, ಬೂದು ಬಣ್ಣದ ಪದರಗಳಿರುವ ಕಡಿದಾದ ಬಂಡೆಯ ಗೋಡೆ. ಅದರ ನೆತ್ತಿಯ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿಯ ಮನೆಗಳು. ಕ್ರಿಸ್ತಪೂರ್ವ 1600ರ ಆಸುಪಾಸಿನಲ್ಲಿ ಇಲ್ಲಿ ಜ್ವಾಲಾಮುಖಿ ಸಿಡಿದು, ನೆಲದ ನಡುಭಾಗ ಕುಸಿದು, ಅಲ್ಲಿ ಸಮುದ್ರ ತುಂಬಿಕೊಂಡಿತು. ಹಡಗು ನಿಲ್ಲುವುದು ಆ ಬೆಟ್ಟದ ಬಾಯೊಳಗೇ. ನೀರು ಬಹಳ ಆಳ. ಊರ ಕೆಳಗೆ ದೊಡ್ಡ ಹಡಗನ್ನು ಕಟ್ಟುವ ಧಕ್ಕೆಯಿಲ್ಲ. ಚಿಕ್ಕ ದೋಣಿಗಳಲ್ಲಿ ದಡ ಸೇರಬೇಕು.

ದಡದಿಂದ ಮೇಲಿನ ಫಿರಾ ಪಟ್ಟಣಕ್ಕೆ ಏರಲು ಮೂರು ದಾರಿ. ಆರುನೂರಕ್ಕೆ ಸ್ವಲ್ಪ ಕಡಿಮೆ ಮೆಟ್ಟಿಲು. ಅದೇ ಮೆಟ್ಟಿಲ ಮೇಲೆ ಕತ್ತೆಯ ಸವಾರಿ. ಇಲ್ಲವೆ ಕೇಬಲ್ ಕಾರ್. ಪಾಪ, ಆ ಕತ್ತೆಗಳ ಮೇಲೆ ನೂರು ಕಿಲೋಗಿಂತ ಹೆಚ್ಚಿನ ಭಾರ ಹೇರಕೂಡದೆಂದು ಗ್ರೀಸ್ ಸರಕಾರ 2018ರಲ್ಲಿ ನಿಯಮ ಮಾಡಬೇಕಾಯಿತು. ಕೇಬಲ್ ಕಾರಿನಲ್ಲಿ ಮೂರು ನಿಮಿಷದ ಏರು; ಆದರೆ ಒಂದು ಸಲಕ್ಕೆ ಆರು ತೊಟ್ಟಿಲು, ತೊಟ್ಟಿಲಿಗೆ ಆರು ಮಂದಿ, ಒಟ್ಟು 36 ಜನ. ಎರಡು ಹಡಗುಗಳು ಒಟ್ಟಿಗೆ ಬಂದರೆ ಏನಾಗುವುದೆಂಬುದನ್ನು ಸಂಜೆ ಆರು ಗಂಟೆಗೆ ದಾದರಿನ ಸೇತುವೆ ದಾಟಿದವರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದ ಮೊದಲನೆಯ ದೋಣಿಯಲ್ಲೇ ಇಳಿದೆವು.

ಈ ದಟ್ಟಣೆ ತಮಾಷೆಯ ವಿಷಯವಲ್ಲ. ದ್ವೀಪದ ನಿವಾಸಿಗಳು ಸುಮಾರು 15,000. 2024ರವರೆಗೆ ಕೆಲವು ದಿನ ಹಡಗಿನಿಂದಲೇ ಅಷ್ಟು ಜನ ಇಳಿಯುತ್ತಿದ್ದರು. 2025ರಲ್ಲಿ ದಿನಕ್ಕೆ 8,000 ಎಂದು ಮಿತಿ ಹಾಕಿದರು; ಆ ವರ್ಷದ ಜುಲೈಯಿಂದ ಬೇಸಗೆಯ ದಟ್ಟಣೆಯ ತಿಂಗಳುಗಳಲ್ಲಿ ಹಡಗಿನ ಪ್ರಯಾಣಿಕನೊಬ್ಬನಿಗೆ 20 ಯೂರೋ ಸುಂಕವನ್ನೂ ಹಾಕಿದರು. ನಮ್ಮ ಹಡಗಿನಲ್ಲಿ ಇದಕ್ಕೆ ಗೊಣಗಿದವರು ಬಹಳ. ನಮಗೆ ಮಾತ್ರ ಅದು ನ್ಯಾಯವೆಂದೇ ತೋರಿತು. ಬೆಳಗಿನ ತಿಂಡಿ ಹಡಗಿನಲ್ಲಿ, ರಾತ್ರಿಯ ಊಟ ಹಡಗಿನಲ್ಲಿ, ಮಲಗುವುದೂ ಹಡಗಿನಲ್ಲಿ. ಊರಿನ ಓಣಿಗಳನ್ನು ತುಂಬುವುದು ಮಾತ್ರ ನಾವು. ಊರಿನ ಖಾತೆಗೆ ಏನು ಜಮಾ ಆಯಿತು?

ಕೊನೆಯ ದೋಣಿ ನಾಲ್ಕೂವರೆಗೆ. ಅದು ತಪ್ಪಿದರೆ ಹಡಗು ಕಾಯುವುದಿಲ್ಲ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹಿಡಿಯಬೇಕು. ಹಡಗು ನಡುವೆ ತುರ್ಕಿಯ ಬಂದರಿಗೂ ಹೋಗಿಬರುವುದಾದ್ದರಿಂದ, ಭಾರತೀಯರು ಒಂದಕ್ಕಿಂತ ಹೆಚ್ಚು ಸಲ ಒಳಬರಬಹುದಾದ ಷೆಂಗೆನ್ ವೀಸಾ ಪಡೆದಿರಬೇಕೆಂಬುದನ್ನೂ, ಹೋಗಬಯಸುವವರಿಗಾಗಿ, ಇಲ್ಲಿಯೇ ಹೇಳಿಬಿಡುತ್ತೇವೆ. ಜೊತೆಯವರೆಲ್ಲ ನೀಲಿ ಗುಮ್ಮಟಗಳ ಊರಾದ ಓಯಾಕ್ಕೆ ಧಾವಿಸಿದರು. ಓಯಾದ ಹೆಸರು ಸೂರ್ಯಾಸ್ತಕ್ಕೆ. ಸೂರ್ಯ ಮುಳುಗುವ ಮೊದಲೇ ಹಡಗೇರಬೇಕಾದ ನಮಗೆ ಅಲ್ಲೇನು ಕೆಲಸ? ನಾವು ಫಿರಾದ ಬಸ್ ನಿಲ್ದಾಣದಲ್ಲಿ ಅಕ್ರೋತಿರಿಯ ಬಸ್ ಹಿಡಿದೆವು. ಸುಮಾರು ಅರ್ಧ ಗಂಟೆಯ ಹಾದಿ.

ಅಕ್ರೋತಿರಿಯಲ್ಲಿ ಒಂದು ಇಡೀ ಪಟ್ಟಣ ಬೂದಿಯಡಿ ಹೂತಿತ್ತು. 1967ರಲ್ಲಿ ಸ್ಪಿರಿಡನ್ ಮರಿನಾತೋಸ್ ಎಂಬ ಪಂಡಿತರು ಉತ್ಖನನ ಆರಂಭಿಸಿದರು. 1974ರಲ್ಲಿ ಆ ಅಗೆತದ ಸ್ಥಳದಲ್ಲೇ ತೀರಿಕೊಂಡರು. ಈಗ ಮೇಲೆ ದೊಡ್ಡ ಚಾವಣಿಯಿದೆ. ಒಳಗೆ ಕಾಲಿಟ್ಟರೆ ಎರಡು ಮೂರು ಅಂತಸ್ತಿನ ಮನೆಗಳು, ಓಣಿಗಳು, ಕಲ್ಲುಹಾಸಿನ ಕೆಳಗೆ ಹರಿಯುವ ಚರಂಡಿ. ಮುಂಬಯಿಯ ಮಳೆಗಾಲ ಕಂಡ ನಾವು ಆ ಚರಂಡಿಯ ಮುಂದೆ ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಂತೆವು.

ಆದರೆ ಮನಸ್ಸು ಹಿಡಿದು ನಿಲ್ಲಿಸಿದ್ದು ಬೇರೆ. ಇಷ್ಟು ಅಗೆದರೂ ಈ ಊರಿನಲ್ಲಿ ಸತ್ತುಬಿದ್ದವರ ಒಂದು ಅಸ್ಥಿಪಂಜರವೂ ದೊರೆತಿಲ್ಲ. ಮೊದಲು ಭೂಕಂಪವಾಯಿತು, ಜನ ಊರು ಬಿಟ್ಟರು. ಮತ್ತೆ ಕೆಲವರು ಬಂದರು. ಬಿದ್ದ ಕಲ್ಲುಗಳನ್ನು ರಾಶಿ ಹಾಕಿದರು, ಮುರುಕು ಮನೆಗಳನ್ನು ರಿಪೇರಿ ಮಾಡತೊಡಗಿದರು. ಒಂದು ಮನೆಯ ಕೋಣೆಯಲ್ಲಿ ಎರಡು ಬಟ್ಟಲುಗಳು ಸಿಕ್ಕಿವೆ: ಒಂದರಲ್ಲಿ ಒಣಗಿದ ಗಾರೆ, ಇನ್ನೊಂದರಲ್ಲಿ ಒಣಗಿದ ಕೆಂಪು ಬಣ್ಣ. ಗೋಡೆಗೆ ಬಣ್ಣ ಬಳಿಯುತ್ತಿದ್ದವನು ಬಟ್ಟಲನ್ನು ಅಲ್ಲಿಯೇ ಇಟ್ಟು ಎದ್ದುಹೋದ. ಎಲ್ಲಿಗೆ ಹೋದನೋ, ಅವರೆಲ್ಲ ಎಲ್ಲಿಗೆ ಹೋದರೋ, ಯಾರಿಗೂ ತಿಳಿಯದು.

ಮನೆ ಮನೆಯಲ್ಲೂ ದೊಡ್ಡ ಮಣ್ಣಿನ ವಾಡೆಗಳು ನಿಂತಿವೆ. ಒಡವೆ ವಸ್ತು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. “ಹೊರಲಾರದ್ದನ್ನು ಬಿಟ್ಟರು, ಹೊರಬಲ್ಲದ್ದನ್ನು ಸೆರಗಿಗೆ ಕಟ್ಟಿಕೊಂಡರು, ಇದು ಹೆಂಗಸರೇ ಮಾಡಿದ ಲೆಕ್ಕ ಕಣ್ರೀ” ಎಂದರು ನಮ್ಮ ಮನೆಯವರು. ಅಲ್ಲಿಂದ ಮಾತು ನಮ್ಮ ನಮ್ಮ ಮನೆಗಳತ್ತ ತಿರುಗಿತು. ನಮ್ಮ ಅಜ್ಜ ಮುಂಬಯಿಗೆ ಬಂದಾಗ ತಂದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ಹಿತ್ತಾಳೆಯ ಚೆಂಬು. ಗೆಳೆಯರ ಮನೆಯಲ್ಲಿ ಅಜ್ಜಿ ಒರಳುಕಲ್ಲನ್ನು ಬಿಟ್ಟು ಬಂದ ದುಃಖವನ್ನು ಸಾಯುವತನಕ ಹೇಳುತ್ತಿದ್ದರಂತೆ. ಮೂರು ಸಾವಿರದ ಆರುನೂರು ವರ್ಷ ಹಳೆಯ ವಾಡೆಗಳ ಮುಂದೆ ನಾಲ್ವರು ನಿಂತು ಒರಳುಕಲ್ಲಿನ ಮಾತಾಡುವುದನ್ನು ಕಂಡು ಕಾವಲುಗಾರ ನಕ್ಕ.

ಊಟಕ್ಕೆ ಅಲ್ಲಿಯೇ ಹತ್ತಿರದ ಒಂದು ಚಿಕ್ಕ ಹೋಟೆಲು. ಸಸ್ಯಾಹಾರಿಗಳು ಹೆದರಬೇಕಾದ್ದಿಲ್ಲ: ಟೊಮೇಟೊ ಬೋಂಡಾದಂಥದೊಂದಿದೆ, ಫಾವಾ ಇದೆ. ಫಾವಾ ಎಂದರೆ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಈರುಳ್ಳಿಯನ್ನೂ ಆಲಿವ್ ಎಣ್ಣೆಯನ್ನೂ ಹಾಕಿದ್ದು. ಒಗ್ಗರಣೆ ಕಾಣದ ತೊವ್ವೆ ಎನ್ನಿ. ಇದೇ ಕಾಳಿನ ಅವಶೇಷ ಅಕ್ರೋತಿರಿಯ ವಾಡೆಗಳಲ್ಲಿಯೂ ದೊರೆತಿದೆ. ಊರು ಅಳಿದು ಬೇಳೆ ಉಳಿಯಿತು.

ಬಡಿಸಿದ ತಾಯಿಗೆ ನಮ್ಮ ತಾಯಿಯ ವಯಸ್ಸಿರಬಹುದು. 2025ರ ಫೆಬ್ರವರಿಯಲ್ಲಿ ದ್ವೀಪ ಹಗಲಿರುಳೂ ನಡುಗಿದಾಗ 11,000ಕ್ಕೂ ಹೆಚ್ಚು ಜನ ಹಡಗು ವಿಮಾನಗಳಲ್ಲಿ ಊರು ಬಿಟ್ಟಿದ್ದರು, ಆಕೆಯೂ ಅವರಲ್ಲೊಬ್ಬಳು. ಏನು ತೆಗೆದುಕೊಂಡು ಹೋದಿರಿ ಎಂದು ಕೇಳಿದೆವು. ಮನೆಯ ಕಾಗದಪತ್ರ, ಗಂಡನ ಔಷಧ, ಅಜ್ಜಿಯ ಫೋಟೋ ಎಂದಳು. ಆ ಅಜ್ಜಿಯೂ ಒಮ್ಮೆ ಹೀಗೆಯೇ ಹೊರಟವಳಂತೆ. ನಮ್ಮ ನಾಡು ಒಂದುಗೂಡಿದ 1956ರಲ್ಲಿಯೇ, ಜುಲೈ 9ರಂದು, ಇಲ್ಲಿ ಭಾರಿ ಭೂಕಂಪವಾಗಿ 53 ಜನ ಸತ್ತರು, ಮನೆಗಳುರುಳಿದವು, ಎಷ್ಟೋ ಕುಟುಂಬಗಳು ಅಥೆನ್ಸಿಗೆ ವಲಸೆ ಹೋದವು. “ಅಥೆನ್ಸಿನಲ್ಲಿ ನಮ್ಮ ದ್ವೀಪದವರ ಸಂಘವಿದೆ” ಎಂದಳು. ನಮಗೂ ಮುಂಬಯಿಯಲ್ಲಿ ಸಂಘವಿದೆಯೆಂದೆವು. ಆಮೇಲೆ ಬಿಲ್ಲಿನಲ್ಲಿ ಮೊಸರಿನ ಹಣ ಸೇರಿಸಲಿಲ್ಲ. ನಾವೂ ಬಿಡದೆ ಕೊಟ್ಟುಬಂದೆವು.

ಫಿರಾಕ್ಕೆ ಮರಳಿ, ಉಳಿದ ಒಂದು ಗಂಟೆಯನ್ನು ಅಲ್ಲಿಯ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯಕ್ಕೆ ಕೊಟ್ಟೆವು. 1999ರಲ್ಲಿ ದೊರೆತ ಚಿನ್ನದ ಕಾಡುಮೇಕೆಯ ಬೊಂಬೆ ಅಲ್ಲಿದೆ; ಪೆಟ್ಟಿಗೆಯಲ್ಲಿಯೇ ಉಳಿದುಹೋಗಿತ್ತು, ಅವಸರದಲ್ಲಿ ಮರೆತರೋ ಬೇಕೆಂದೇ ಬಿಟ್ಟರೋ. ಅಕ್ರೋತಿರಿಯ ಗೋಡೆಯಿಂದ ತಂದ ನೀಲಿ ಕೋತಿಗಳ ಚಿತ್ರವೂ ಇದೆ. ಬಾಲವನ್ನು ಎತ್ತಿ ಬಗ್ಗಿಸಿ ಹಿಡಿದಿರುವ ಕ್ರಮದಿಂದ, ಇವು ಆಫ್ರಿಕದವಲ್ಲ, ಭಾರತದ ಕಡೆಯ ಮುಸುವಗಳಿರಬೇಕೆಂದು ಕೆಲವು ವಿದ್ವಾಂಸರು ಸೂಚಿಸಿದ್ದಾರೆ. ಹಾಗಿದ್ದರೆ ನಮ್ಮ ಹನುಮಂತನ ಬಳಗ ನಮಗಿಂತ ಬಹು ಮೊದಲೇ, ವೀಸಾ ಇಲ್ಲದೆ, ಚಿತ್ರವಾಗಿಯೋ ಜೀವಸಹಿತವೋ ಅಲ್ಲಿಗೆ ಹೋಗಿಬಂದಿದೆ.

ಮೂರೂವರೆಯ ಹೊತ್ತಿಗೆ ಕೇಬಲ್ ಕಾರಿನ ಸಾಲು ಬೀದಿ ದಾಟಿ ಹೋಗಿತ್ತು. ನಾವು ಮೆಟ್ಟಿಲಿಳಿದೆವು. ಕಲ್ಲು ನುಣುಪು, ಕತ್ತೆಯ ಲದ್ದಿ ಧಾರಾಳ, ಸೀರೆಯುಟ್ಟವರು ಎಚ್ಚರವಾಗಿರಬೇಕು. ಇಳಿಯಲು ಅರ್ಧ ಗಂಟೆ ಹಿಡಿಯಿತು; ದೋಣಿ ಸಿಕ್ಕಿತು.

ಖರ್ಚಿನ ವಿವರವನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದೇವೆ. ಬೇಕಾದವರು ಉಪಾಹಾರದ ವೇಳೆಯಲ್ಲಿ ನೋಡಬಹುದು.