ಮನೆವಾರ್ತೆಯ ಕಟ್ಟಳೆ

(ಮಠದ ಮಹೋತ್ಸವದ ನಿಮಿತ್ತ ಕೂಡಿದ ಗೃಹಸ್ಥರ ಗೋಷ್ಠಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಉಪನ್ಯಾಸ)

ಇಂಥ ಮಂಗಲ ಸಮಾರಂಭದಲ್ಲಿ ಗಹನವಾದ ತತ್ತ್ವಗಳನ್ನು ವಿವರಿಸಬಲ್ಲ ವಿದ್ವಾಂಸರು ಅನೇಕರಿರುವರು. ನನಗೆ ಅಪ್ಪಣೆಯಾದ ವಿಷಯವು ಅಷ್ಟು ದೊಡ್ಡದಲ್ಲ. ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದ ಇಂದಿನ ಸಂಸಾರಗಳಲ್ಲಿ ಮನೆವಾರ್ತೆಯನ್ನು ಹೇಗೆ ಕ್ರಮಕ್ಕೆ ತರಬೇಕೆಂಬುದಷ್ಟೇ. ಆದರೆ ಚಿಕ್ಕದೆಂದು ತೋರುವ ಈ ವಿಷಯದಲ್ಲಿಯೇ ನಾನು ಬಹುಕಾಲ ತಪ್ಪಿ ನಡೆದವನಾದುದರಿಂದ, ಉಪದೇಶಕ್ಕಿಂತ ನನ್ನ ತಪ್ಪೊಪ್ಪಿಗೆಯನ್ನು ನಿಮ್ಮ ಮುಂದಿಡುವುದೇ ಯುಕ್ತವೆಂದು ಭಾವಿಸಿದ್ದೇನೆ.

ನಾನು ಮೂವತ್ತು ವರ್ಷಗಳ ಪರ್ಯಂತ ಶಾಲೆಯಲ್ಲಿ ವೇಳಾಪತ್ರಿಕೆಯನ್ನು ಬರೆದವನು. ಯಾವ ತರಗತಿಗೆ ಯಾರು ಯಾವ ಗಂಟೆಗೆ ಹೋಗಬೇಕು, ಒಬ್ಬರು ರಜೆಯಲ್ಲಿದ್ದರೆ ಅವರ ಪಾಠವನ್ನು ಯಾರು ನೋಡಿಕೊಳ್ಳಬೇಕು, ಎಂಬುದೆಲ್ಲವೂ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತಿತ್ತು. ಆದರೆ ನನ್ನ ಮನೆಯ ವೇಳಾಪತ್ರಿಕೆಯು ಎಲ್ಲಿ ಬರೆದಿದೆ ಎಂದು ನಾನು ಒಂದು ದಿನವೂ ವಿಚಾರಿಸಲಿಲ್ಲ. ಅದು ನನ್ನ ಮನೆಯವರ ತಲೆಯೊಳಗೆ ಇತ್ತು.

ಮನೆಯಲ್ಲಿ ನಾವು ಆರು ಮಂದಿ. ಮಗನೂ ಸೊಸೆಯೂ ನೌಕರಿಗೆ ಹೋಗುವವರು. ಮೊಮ್ಮಗನೂ ಮೊಮ್ಮಗಳೂ ಶಾಲೆಗೆ ಹೋಗುವವರು. ಮೂರು ವರ್ಷಗಳ ಹಿಂದೆ ಶ್ರಾವಣಮಾಸದ ಒಂದು ಬೆಳಗ್ಗೆ ನನ್ನ ಮನೆಯವರು ಬಚ್ಚಲಿನಲ್ಲಿ ಜಾರಿ ಬಿದ್ದು, ಕಾಲಿನ ಎಲುಬು ಮುರಿದು, ಆರು ವಾರ ಹಾಸಿಗೆ ಹಿಡಿಯಬೇಕಾಯಿತು. ಒಂದೇ ವಾರದಲ್ಲಿ ಮನೆಯು ದಿಕ್ಕುಗೆಟ್ಟಿತು. ಗ್ಯಾಸಿನ ಸಿಲಿಂಡರು ಅಡಿಗೆಯ ನಡುವೆ ತೀರಿತು. ಇನ್ನೊಂದನ್ನು ತರಿಸಿಡಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಜೋಳದ ಹಿಟ್ಟು ಮುಗಿದುದು ರೊಟ್ಟಿಗೆ ಕುಳಿತಾಗ ತಿಳಿಯಿತು. ಮೊಮ್ಮಗಳ ಪರೀಕ್ಷಾ ಶುಲ್ಕದ ದಿನವು ದಾಟಿಹೋಯಿತು. ಎಲ್ಲಕ್ಕಿಂತ ನನ್ನನ್ನು ನಾಚಿಸಿದ ಸಂಗತಿ ಮತ್ತೊಂದು. ಮನೆಯ ಎಲ್ಲರಿಗೂ ಔಷಧದ ನೆನಪು ಮಾಡುತ್ತಿದ್ದವರು ಅವರೇ. ಅವರಿಗೆ ನೆನಪು ಮಾಡುವವರು ಯಾರೂ ಇರಲಿಲ್ಲವಾದ ಕಾರಣ, ಅವರ ರಕ್ತದೊತ್ತಡದ ಗುಳಿಗೆಯು ನಾಲ್ಕು ದಿನ ತಪ್ಪಿತ್ತು.

ಆಗ ನಾವು ಕಂಡುಕೊಂಡ ಮೊದಲ ಉಪಾಯವೂ ತಪ್ಪಾಗಿಯೇ ಇತ್ತು. ಭಾರವನ್ನು ಒಂದು ಹೆಗಲಿನಿಂದ ಇಳಿಸಿ ಇನ್ನೊಂದು ಹೆಗಲಿಗೆ ಏರಿಸಿದೆವು. ಸೊಸೆಯು ನಾಲ್ಕು ಗಂಟೆಗೆ ಎದ್ದು ಅಡಿಗೆ ಮಾಡಿ, ನೌಕರಿಗೆ ಹೋಗಿ ಬಂದು, ರಾತ್ರಿ ಹನ್ನೊಂದರವರೆಗೆ ಪಾತ್ರೆ ತಿಕ್ಕುವಳು. ಮೂರನೆಯ ವಾರ ಆಕೆ, “ಮಾವನವರೇ, ನಾನು ನೌಕರಿಯನ್ನು ಬಿಟ್ಟುಬಿಡುವೆನು” ಎಂದಳು. ಬೇಸರದಿಂದಲ್ಲ, ಬೇರೆ ದಾರಿ ಕಾಣದೆ ಅಂದ ಮಾತದು. ಒಳಗಿನಿಂದ ನನ್ನ ಮನೆಯವರು ಹೇಳಿದರು: “ನೀವೆಲ್ಲರೂ ಬೇಳೆ ಎಲ್ಲಿದೆ ಎಂದು ಕೇಳುವಿರಿ. ಬೇಳೆ ಯಾವಾಗ ತೀರುವುದೆಂದು ಯಾರೂ ಕೇಳುವುದಿಲ್ಲ.” ಮನೆವಾರ್ತೆಯ ಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆಯೆಂದು ನನಗೆ ಅಂದು ತೋರಿತು. ಕೆಲಸ ಮಾಡುವುದಷ್ಟೇ ಭಾರವಲ್ಲ. ಅದನ್ನು ನೆನಪಿನಲ್ಲಿಟ್ಟುಕೊಂಡಿರುವುದೇ ಹೆಚ್ಚಿನ ಭಾರ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಭಾರತ ಸರಕಾರದ ಸಾಂಖ್ಯಿಕ ಕಚೇರಿಯವರು 2019ರಲ್ಲಿ ಜನರು ದಿನದ ವೇಳೆಯನ್ನು ಹೇಗೆ ಕಳೆಯುವರೆಂಬ ಸಮೀಕ್ಷೆಯನ್ನು ನಡೆಸಿದರು. ಸಂಬಳವಿಲ್ಲದ ಮನೆಗೆಲಸದಲ್ಲಿ ದಿನವೊಂದಕ್ಕೆ ಕೈಹಾಕುವವರು ಹೆಂಗಸರಲ್ಲಿ ನೂರಕ್ಕೆ ಸುಮಾರು 81, ಗಂಡಸರಲ್ಲಿ ಸುಮಾರು 26. ಹಾಗೆ ಕೈಹಾಕಿದವರಲ್ಲಿಯೂ ಹೆಂಗಸರು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿದಿದ್ದರು. ಈ ಲೆಕ್ಕವು ಕೈಯ ಕೆಲಸದ್ದು. ನೆನಪಿನ ಕೆಲಸಕ್ಕೆ ಲೆಕ್ಕವೆಲ್ಲಿಯದು?

ಶರಣರ ಕಾಲದ ಮನೆಯೊಂದನ್ನು ಇಲ್ಲಿ ಸ್ಮರಿಸುವುದು ಉಚಿತ. ಆಯ್ದಕ್ಕಿ ಮಾರಯ್ಯನವರು ಒಮ್ಮೆ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರಬೇಕೆಂದರು. ಈ ಕಥೆಯನ್ನು ನಾವು ಸಂಗ್ರಹದ ಆಸೆ ಸಲ್ಲದೆಂಬುದಕ್ಕೆ ದೃಷ್ಟಾಂತವಾಗಿ ಹೇಳುವೆವು, ಅದು ಸರಿಯೇ. ಆದರೆ ಮನೆಯ ಅಳತೆಯನ್ನು ಸತಿಯು ಬಲ್ಲಳು, ಪತಿಯು ಆ ಮಾತಿಗೆ ಕಿವಿಗೊಟ್ಟನು, ಕಾಯಕವೂ ದಾಸೋಹವೂ ಇಬ್ಬರಿಗೂ ಸೇರಿದ್ದವು ಎಂಬ ಅರ್ಥವೂ ಅದರಲ್ಲಿದೆ.

ಇನ್ನು ಕ್ರಮದ ವಿಷಯ. ಚಿಕ್ಕಂದಿನಲ್ಲಿ ನಾನು ಈ ಮಠದ ಪ್ರಸಾದನಿಲಯದಲ್ಲಿ ಓದಿದವನು. ನೂರಾರು ಹುಡುಗರಿಗೆ ಹೊತ್ತಿಗೆ ಸರಿಯಾಗಿ ಪ್ರಸಾದವು ಸಿದ್ಧವಾಗುತ್ತಿತ್ತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರ ಕಾಲದಲ್ಲಿ, ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳು ದೊರೆತುದನ್ನು ನಾಡೆಲ್ಲ ಬಲ್ಲದು. ಸಾವಿರ ಎಲೆಗಳಿಗೆ ಸಾಧ್ಯವಾದುದು ಆರು ಎಲೆಗಳಿಗೆ ಏಕೆ ಅಸಾಧ್ಯ? ಪ್ರಸಾದನಿಲಯದಲ್ಲಿ ಅಕ್ಕಿ ಅಳೆಯುವವರು, ಕಾಯಿಪಲ್ಲೆ ಹೆಚ್ಚುವವರು, ಬಡಿಸುವವರು, ಸಾರಿಸುವವರು ಇಂಥವರೇ ಎಂದು ಗೊತ್ತಿತ್ತು. ಮರುದಿನದ ಸಾಮಗ್ರಿಯು ಹಿಂದಿನ ರಾತ್ರಿಯೇ ಅಳೆದಿರುತ್ತಿತ್ತು. ಆ ಪದ್ಧತಿಯನ್ನು ನೆನೆದು ನಾವು ಮನೆಯಲ್ಲಿ ನಾಲ್ಕು ಕಟ್ಟಳೆಗಳನ್ನು ಮಾಡಿಕೊಂಡೆವು.

ಮೊದಲನೆಯದು, ಬರೆಯುವುದು. ನನ್ನ ಮನೆಯವರು ಮಲಗಿದಲ್ಲಿಂದಲೇ ಹೇಳುತ್ತ ಹೋದರು, ನಾನು ಬರೆದುಕೊಂಡೆನು. ದಿನದ ಕೆಲಸ, ವಾರದ ಕೆಲಸ, ತಿಂಗಳ ಕೆಲಸ ಎಂದು ವಿಂಗಡಿಸುವಷ್ಟರಲ್ಲಿ ನಾಲ್ಕು ಹಾಳೆಗಳು ತುಂಬಿದವು. ಅವನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿದೆವು.

ಎರಡನೆಯದು, ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಒಡೆಯ. “ಹೇಳಿದರೆ ಮಾಡುವೆನು” ಎಂಬುದು ಸಹಾಯವಲ್ಲ. ಹೇಳುವ ಭಾರವು ಹೇಳುವವರಲ್ಲಿಯೇ ಉಳಿಯುವುದು. ಹಿಟ್ಟಿನ ಗಿರಣಿ, ಸಿಲಿಂಡರು, ಎಲ್ಲರ ಔಷಧಗಳು ನನ್ನವು. ರಾತ್ರಿಯ ಪಾತ್ರೆಗಳೂ ವಿದ್ಯುತ್ತಿನ ಬಿಲ್ಲೂ ಮಗನವು. ಶಾಲೆಯ ಕಾಗದಪತ್ರಗಳು ಸೊಸೆಯವು. ನೀರಿನ ಬಾಟಲಿಗಳು ಮೊಮ್ಮಗನವು. ಪೂಜೆಯ ಸ್ಥಳವನ್ನು ಒರೆಸುವುದು ಮೊಮ್ಮಗಳದು. ಮಗನು ಮೊದಲು ತಿಕ್ಕಿದ ಪಾತ್ರೆಗಳಲ್ಲಿ ಜಿಡ್ಡು ಉಳಿದಿತ್ತು. ಅದನ್ನು ಆಡಿತೋರಿಸದೆ ಇದ್ದುದರಿಂದಲೇ ಆತನು ಕಲಿತನು.

ಮೂರನೆಯದು, ಬೆಳಗಿನ ಕೆಲಸವನ್ನು ರಾತ್ರಿಯೇ ಮಾಡುವುದು. ಕಾಳು ನೆನೆಹಾಕುವುದು, ಕಾಯಿಪಲ್ಲೆ ಹೆಚ್ಚಿಡುವುದು, ಮಕ್ಕಳ ಸಮವಸ್ತ್ರ ತೆಗೆದಿಡುವುದು, ಪುಸ್ತಕದ ಚೀಲವನ್ನು ಬಾಗಿಲ ಬಳಿ ಇಡುವುದು, ಬೀಗದಕೈಯನ್ನು ಒಂದೇ ಗೂಟಕ್ಕೆ ತೂಗುಹಾಕುವುದು, ಇಷ್ಟಕ್ಕೆ ಅರ್ಧ ತಾಸು ಸಾಕು. ಆ ಅರ್ಧ ತಾಸು ಮೊಬೈಲುಗಳೆಲ್ಲ ಕಪಾಟಿನಲ್ಲಿರುವವು.

ನಾಲ್ಕನೆಯದು, ಆದಿತ್ಯವಾರ ಸಂಜೆ ಎಲ್ಲರೂ ಒಂದು ಗಳಿಗೆ ಕೂಡುವುದು. ಬರುವ ವಾರದ ಅಡಿಗೆ, ಖರ್ಚು, ಯಾರಿಗೆ ಯಾವ ದಿನ ಹೆಚ್ಚಿನ ಕೆಲಸ, ಯಾವ ಕಟ್ಟಳೆಯು ನಡೆಯಲಿಲ್ಲ ಎಂಬುದನ್ನು ಮಾತಾಡಿಕೊಳ್ಳುವುದು. ಅಲ್ಲಿ ಮಕ್ಕಳ ಮಾತಿಗೂ ಬೆಲೆಯಿರಬೇಕು.

ಇಷ್ಟು ಹೇಳಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ದೋಷವಾದೀತು. ಕೆರೆಗೆ ಏರಿಯೂ ಬೇಕು, ಕೋಡಿಯೂ ಬೇಕು. ಏರಿಯಿಲ್ಲದಿದ್ದರೆ ನೀರು ನಿಲ್ಲದು. ಕೋಡಿಯಿಲ್ಲದಿದ್ದರೆ ಏರಿಯೇ ಒಡೆಯುವುದು. ಅತಿಥಿಗಳು ಬರುವರು, ಮಗುವಿಗೆ ಜ್ವರ ಬರುವುದು, ಬಸ್ಸು ತಡವಾಗುವುದು. ಅಂದು ಕಟ್ಟಳೆಯು ತಪ್ಪಿದರೆ ಯಾರನ್ನೂ ಜರೆಯದೆ ಮರುದಿನ ಮತ್ತೆ ಹಿಡಿಯತಕ್ಕದ್ದು. ಮನೆಯು ಶಾಲೆಯಲ್ಲ ಎಂಬುದನ್ನು ಈ ಹಳೆಯ ಮೇಷ್ಟ್ರು ಕೂಡ ಕಷ್ಟಪಟ್ಟು ಕಲಿಯಬೇಕಾಯಿತು.

ಕಡೆಯದಾಗಿ ಒಂದು ಮಾತು. ನನ್ನ ಮನೆಯವರು ಈಗ ಕೋಲು ಹಿಡಿದು ನಡೆಯುವರು. ಸೊಸೆಯು ನೌಕರಿಯನ್ನು ಬಿಡಲಿಲ್ಲ. ಮದುವೆಯಾದಂದಿನಿಂದ ನನ್ನ ಮನೆಯವರು ಇಷ್ಟಲಿಂಗಪೂಜೆಗೆ ಕುಳಿತಾಗಲೆಲ್ಲ ನಡುವೆ ಹಾಲು ಉಕ್ಕುವುದೆಂದೋ, ಯಾರೋ ಕರೆದರೆಂದೋ ಏಳುತ್ತಿದ್ದರು. ನಾನಾದರೋ ಪ್ರತಿದಿನವೂ ನಿಶ್ಚಿಂತನಾಗಿ ಪೂಜೆ ಮಾಡುತ್ತಿದ್ದೆನು. ಆ ನಿಶ್ಚಿಂತೆಯ ಬೆಲೆಯನ್ನು ತೆರುತ್ತಿದ್ದವರು ಯಾರೆಂದು ಅರಿಯದೆ ಹೋದೆನು. ಈಗ ಬೆಳಗ್ಗೆ ಆರರಿಂದ ಆರೂವರೆಯವರೆಗೆ ಅವರನ್ನು ಯಾರೂ ಕರೆಯಕೂಡದೆಂಬುದು ನಮ್ಮ ಮನೆಯ ಗೋಡೆಯ ಮೇಲಿನ ಮೊದಲನೆಯ ಕಟ್ಟಳೆ. ಆ ಹೊತ್ತಿನಲ್ಲಿ ಹಾಲು ಕಾಯುವವನು ನಾನು.

ನಿಮ್ಮ ಮನೆಗಳಲ್ಲಿಯೂ ಅಂಥ ಅರ್ಧ ತಾಸು ಯಾರಿಗೆ ದೊರೆಯದೆ ಉಳಿದಿದೆಯೆಂದು ಈ ಮಹೋತ್ಸವದಿಂದ ಮರಳಿದ ಮೇಲೆ ವಿಚಾರಿಸಿರೆಂದು ಬೇಡಿಕೊಂಡು, ನನ್ನ ಮಾತನ್ನು ಮುಗಿಸುವೆನು.