ಎರಡೂ ಕೈಗಳಿಗೆ ಬಿಡುವು ಕೊಡುವ ಕೊಡೆ

(ಮಲೆನಾಡಿನ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಗದ್ದೆಗಳಲ್ಲಿ ಸಸಿ ನೆಡುವ ಹೆಂಗಸರು ಒಂದು ಕಾಲದಲ್ಲಿ ಗೊರಬು ಹೊದ್ದು ದುಡಿಯುತ್ತಿದ್ದರು. ಬಿದಿರ ಸೀಳುಗಳ ಹಂದರಕ್ಕೆ ಎಲೆ ಹೊದೆಸಿದ ಆ ಸಾಧನಕ್ಕೆ ಹಿಡಿಯಿರಲಿಲ್ಲ. ತಲೆ ಬೆನ್ನುಗಳನ್ನು ಮಳೆಯಿಂದ ಕಾಯುತ್ತಲೇ ಅದು ಎರಡೂ ಕೈಗಳನ್ನು ಬಿಡುವಾಗಿರಿಸುತ್ತಿತ್ತು. ಪೇಟೆಯ ಕೊಡೆ ಬಂದ ಮೇಲೆ ಒಂದು ಕೈ ಕೊಡೆಗೇ ಮೀಸಲಾಯಿತು.

ಮಳೆಗಾಲದಲ್ಲಿ ಗೊರಬು ಮಾಡಿದ ಉಪಕಾರವನ್ನು ಬಿಸಿಲುಗಾಲದಲ್ಲಿ ಮಾಡಬಲ್ಲದ್ದು ಅಂಗಳದಲ್ಲಿ ತಾನಾಗಿ ನಿಲ್ಲುವ ದೊಡ್ಡ ಕೊಡೆ. ಅಡಿಕೆ ಸುಲಿಯುವವರು, ಕಾಳುಮೆಣಸು ಬಿಡಿಸುವವರು, ನರ್ಸರಿ ಚೀಲಗಳಿಗೆ ಮಣ್ಣು ತುಂಬುವವರು ದಿನವಿಡೀ ಕುಳಿತಲ್ಲೇ ದುಡಿಯುತ್ತಾರೆ. ಚಪ್ಪರದ ನೆರಳು ಕಟ್ಟಿದಲ್ಲೇ ಇರುತ್ತದೆ. ಕೊಡೆಯನ್ನಾದರೆ ಕೆಲಸವಿರುವಲ್ಲಿಗೆ ಒಯ್ಯಬಹುದು. ಪೇಟೆಯಿಂದ ತಂದ ಪ್ಲಾಸ್ಟಿಕ್ ಬಟ್ಟೆಯ ದೊಡ್ಡ ಕೊಡೆ ನಾಲ್ಕು ಕಡ್ಡಿ ಮುರಿದೊಡನೆ ಹಳ್ಳದ ಬದಿ ಸೇರುತ್ತದೆ. ಮನೆಯಲ್ಲಿ ಮಾಡಿದ್ದರ ಕಡ್ಡಿ ಮುರಿದರೆ ಹಿತ್ತಿಲ ಬಿದಿರುಮೆಳೆಯಲ್ಲಿ ಇನ್ನೊಂದು ಸಿಗುತ್ತದೆ.

ಈ ವಿದ್ಯೆಗೆ ಎಲೆಯೇ ಮೊದಲ ಗುರು. ಶ್ರೀತಾಳೆಯ ಸಸ್ಯಶಾಸ್ತ್ರೀಯ ನಾಮ ಕೊರಿಫಾ ಅಂಬ್ರಾಕ್ಯುಲಿಫೆರಾ. ಎರಡನೆಯ ಪದದ ಅರ್ಥವೇ ‘ಕೊಡೆ ಹೊತ್ತದ್ದು’. ಸಿಂಹಳದಲ್ಲಿ ಸುಮಾರು 19 ವರ್ಷ ಸೆರೆಯಲ್ಲಿದ್ದ ಇಂಗ್ಲಿಷ್ ನಾವಿಕ ರಾಬರ್ಟ್ ನಾಕ್ಸ್, 1681ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಇದರ ಒಂದೇ ಎಲೆ ಹದಿನೈದಿಪ್ಪತ್ತು ಜನರನ್ನು ಮಳೆಯಿಂದ ಕಾಯಬಲ್ಲದೆಂದೂ ಬೀಸಣಿಗೆಯಂತೆ ಮಡಚಿಕೊಳ್ಳುತ್ತದೆಂದೂ ಬರೆದಿದ್ದಾನೆ. ನಡುವಿನಿಂದ ಹೊರಟ ಕಡ್ಡಿಗಳು, ಅವುಗಳ ನಡುವೆ ಬಿಗಿದ ಹೊದಿಕೆ, ಮಡಚುವ ಗುಣ: ಕೊಡೆಯ ಲಕ್ಷಣಗಳೆಲ್ಲವೂ ಆ ಎಲೆಯಲ್ಲಿವೆ.

ಮೂರು ಮೀಟರ್ ಅಗಲದ ಕೊಡೆಗೆ ಎಂಟು ಕಡ್ಡಿಗಳು ಬೇಕು. ಪ್ರತಿಯೊಂದೂ 155 ಸೆಂ.ಮೀ. ಉದ್ದವಿರಲಿ. ಮೂರು ನಾಲ್ಕು ವರ್ಷ ಬಲಿತ ಬಿದಿರನ್ನೇ ಆರಿಸಬೇಕು. ಎಳೆಯದು ಬೇಗ ಕುಟ್ಟೆ ಹಿಡಿಯುತ್ತದೆ. ಕಡಿದ ಬಿದಿರನ್ನು ಮೂರು ವಾರ ಹರಿಯುವ ನೀರಿನಲ್ಲಿ ಮುಳುಗಿಸಿ, ನೆರಳಿನಲ್ಲಿ ಒಣಗಿಸಿ ಸೀಳಬೇಕು. ನಡುಗಂಬಕ್ಕೆ ಆರು ಸೆಂ.ಮೀ. ದಪ್ಪದ, ಎರಡೂವರೆ ಮೀಟರ್ ಉದ್ದದ ಅಕೇಶಿಯಾ ಅಥವಾ ಸಿಲ್ವರ್ ಓಕ್ ಗಳ ಸಾಕು. ಕಂಬದ ತುದಿಗೆ ಎಂಟು ಸೀಳುಗಳುಳ್ಳ ಮರದ ಬಿಲ್ಲೆಯೊಂದನ್ನು ಭದ್ರಪಡಿಸಿ, ಕಡ್ಡಿಗಳನ್ನು ಅದಕ್ಕೆ ತಂತಿಯಿಂದ ಪೋಣಿಸಬೇಕು. ಮೇಲೆ ಕೆಳಗೆ ಜಾರುವ ಇನ್ನೊಂದು ಬಿಲ್ಲೆಯಿಂದ 85 ಸೆಂ.ಮೀ. ಉದ್ದದ ಆಧಾರದ ಕಡ್ಡಿಗಳು ಹೊರಟು, ಮೇಲಿನ ಕಡ್ಡಿಗಳ ನಡುಭಾಗಕ್ಕೆ ಸೇರಬೇಕು. ಬಿದಿರಿಗೆ ತೂತು ಕೊರೆದ ಕಡೆಯಲ್ಲೆಲ್ಲ ಎರಡೂ ಪಕ್ಕ ದಾರ ಸುತ್ತಿ ಬಿಗಿಯದಿದ್ದರೆ ಅಲ್ಲಿಂದಲೇ ಸೀಳು ಬಿಡುತ್ತದೆ. ಜಾರುಬಿಲ್ಲೆಯನ್ನು ತುದಿಯಿಂದ 60 ಸೆಂ.ಮೀ. ಕೆಳಗಿನವರೆಗೆ ಏರಿಸಿ, ಅದರಡಿ ಕಂಬಕ್ಕೆ ಗೂಟ ತೂರಿಸಿದರೆ ಕೊಡೆ ಬಿಚ್ಚಿ ನಿಲ್ಲುತ್ತದೆ. ಹೊದಿಕೆಗೆ ದಪ್ಪ ಹತ್ತಿ ಬಟ್ಟೆಯ ಎಂಟು ತ್ರಿಕೋನಗಳು ಬೇಕು. ಬುಡ 115, ಬದಿಗಳು 155 ಸೆಂ.ಮೀ.; ಹೊಲಿಗೆಗೆ ಸುತ್ತಲೂ ಎರಡು ಸೆಂ.ಮೀ. ಹೆಚ್ಚು.

ಇಷ್ಟಾದರೂ ಅರ್ಧ ಕೆಲಸವಷ್ಟೇ ಮುಗಿದಂತೆ. ದೊಡ್ಡ ಕೊಡೆಗೆ ಬಿಸಿಲಿಗಿಂತ ಗಾಳಿಯೇ ಕಠಿಣ ಪರೀಕ್ಷೆ. ಗಂಟೆಗೆ 40 ಕಿ.ಮೀ. ವೇಗದ ಗಾಳಿ ತನಗೆ ಎದುರಾದ ಪ್ರತಿ ಚದರ ಮೀಟರಿನ ಮೇಲೆ ಏಳೆಂಟು ಕಿಲೋ ಭಾರದಷ್ಟು ಒತ್ತಡ ಹೇರುತ್ತದೆ. ಈ ಕೊಡೆಯ ಹರವು ಸುಮಾರು 6.4 ಚದರ ಮೀಟರ್. ಅದು ವಾಲಿ ಗಾಳಿಗೆ ಪೂರ್ತಿ ಎದುರಾದರೆ ಬೀಳುವ ಒತ್ತಡ 50 ಕಿಲೋ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗಿ 200 ಕಿಲೋ ಮುಟ್ಟುತ್ತದೆ. ಹಾರಿದ ಕೊಡೆ ಕೆಳಗೆ ಕುಳಿತವರನ್ನು ಗಾಯಗೊಳಿಸೀತು.

ಆದುದರಿಂದ ಬುಡದಲ್ಲಿ ಜಿಪುಣತನ ಸಲ್ಲದು. ನಾಲ್ಕಡಿ ಉದ್ದದ ಎರಡು ತೊಲೆಗಳನ್ನು ಅಡ್ಡಲಾಗಿ ಕೂಡಿಸಿ, ನಡುವೆ ಕಂಬ ನಿಲ್ಲಿಸಿ, ನಾಲ್ಕು ಕಡೆ ಓರೆಯಾಗಿ ಆನಿಕೆ ಕೊಡಬೇಕು. ಪ್ರತಿ ತೋಳಿನ ಮೇಲೂ ಒಂದೂವರೆ ಅಡಿ ಚೌಕದ, ಎರಡಂಗುಲ ದಪ್ಪದ ಚಪ್ಪಡಿ ಕಲ್ಲನ್ನಿಟ್ಟು ಹಗ್ಗದಿಂದ ಬಿಗಿಯಬೇಕು. ಕರಿಕಲ್ಲಾದರೆ ನಾಲ್ಕೂ ಸೇರಿ 110 ಕಿಲೋ ಮೀರುತ್ತದೆ. ಹೊದಿಕೆಯ ನೆತ್ತಿಯಲ್ಲಿ ಒಂದಡಿ ಅಗಲದ ಕಿಂಡಿ ಬಿಟ್ಟು, ಅದರ ಮೇಲೆ ಸಣ್ಣ ಟೊಪ್ಪಿಗೆಯಂತೆ ಬಟ್ಟೆ ಹೊಲಿದರೆ ಒಳಹೊಕ್ಕ ಗಾಳಿಗೂ ಕಾದ ಗಾಳಿಗೂ ದಾರಿಯಾಗುತ್ತದೆ. ಮರದ ಕೊಂಬೆಗಳು ತೂಗಾಡತೊಡಗಿದೊಡನೆ ಮಾತ್ರ ಕೊಡೆಯನ್ನು ಮಡಚಲೇಬೇಕು. ಗಾಳಿಯೊಡನೆ ಹಟ ಕೂಡದು.

ಇದು ಮಲೆನಾಡಿನ ಮಳೆಗಲ್ಲ. ಮುಂಗಾರಿಗೆ ಮುನ್ನ ಹೊದಿಕೆಯನ್ನು ಬಿಚ್ಚಿ, ಒಗೆದು ಒಣಗಿಸಿಡಬೇಕು. ಬಿದಿರ ಕಡ್ಡಿಗಳು ಒಲೆಯ ಹೊಗೆ ತಾಗುವ ಅಟ್ಟ ಸೇರಲಿ. ಹೊಗೆಯೇ ಅವನ್ನು ಹುಳುವಿನಿಂದ ಕಾಯುತ್ತದೆ.

ಗೊರಬು ಹೆಣೆಯಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಇದ್ದರೆ ವಿದ್ಯಾರ್ಥಿಗಳು ಅವರನ್ನು ಹುಡುಕಿ ಹೋಗಲಿ. ಬಿದಿರು ಬಲಿತುದನ್ನು ಗುರುತಿಸುವುದು, ಎಳೆ ಮುರಿಯದಂತೆ ಸೀಳುವುದು, ಗಂಟು ಸಡಿಲದಂತೆ ಕಟ್ಟುವುದು ಆ ಕೈಗಳಿಗೆ ಗೊತ್ತು, ಓದಿ ತಿಳಿಯುವಂಥವಲ್ಲ. ಬರುವ ಅಡಿಕೆ ಸುಗ್ಗಿಯ ಹೊತ್ತಿಗೆ ಊರಿಗೊಂದಾದರೂ ಇಂಥ ಕೊಡೆ ಎದ್ದುನಿಂತು, ಸುಲಿಯುವವರ ತಲೆಯ ಮೇಲೆ ನೆರಳು ಬೀಳಲಿ.